ಅರವಟ್ಟಿಗೆಯ ನೀರು

ಚೈತ್ರ ಬಹುಳ ಪಂಚಮಿ, ಬುಧವಾರ. ಮೋಡವಿರಲಿಲ್ಲ. ಬೆಳಗಿನಿಂದಲೇ ಬಿಸಿಗಾಳಿ.

ಗುರು ನಿರಂಜನಯ್ಯನವರ ಆಶ್ರಮದವರು ದಾರಿಬದಿಯ ಹುಣಸೆ ಮರದ ಕೆಳಗೆ ಅರವಟ್ಟಿಗೆ ಇಟ್ಟಿದ್ದರು. ದಾರಿಹೋಕರಿಗೆ ಕುಡಿಯುವ ನೀರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಸಂಜೆ ಶಿಷ್ಯ ಕಲ್ಲಿನಾಥ ಹೊಳೆಯಿಂದ ನೀರು ಹೊತ್ತು ತಂದು ಮಣ್ಣಿನ ಹರವಿಗಳನ್ನು ತುಂಬಿಸುತ್ತಿದ್ದ. ರಾತ್ರಿಯೆಲ್ಲ ಅದು ತಿಳಿಯಾಗಿ ತಣ್ಣಗಾಗುತ್ತಿತ್ತು. ಹಗಲು ಇನ್ನೊಬ್ಬ ಶಿಷ್ಯ ಹಂಪಣ್ಣ ಅದನ್ನು ಬಂದವರ ಬೊಗಸೆಗೆ ಸುರಿಯುತ್ತಿದ್ದ.

“ಎಷ್ಟು ತಂಪು! ಯಾರು ಹೊತ್ತು ತಂದದ್ದು?” ಎಂದು ಕುಡಿದವರು ಕೇಳುತ್ತಿದ್ದರು. ಕಲ್ಲಿನಾಥನ ಹೆಸರು ಹೇಳುವ ಕೆಲಸವೂ ಹಂಪಣ್ಣನದೇ.

ಹಿಂದಿನ ದಿನ ಒಬ್ಬ ಗಾಡಿಯವನು ನಕ್ಕಿದ್ದ. “ನೀರು ಹೊರಾಂವ ಅವ. ನೀ ಏನು, ನೆರಳಿಗೆ ಬಂದಾಂವೇನಪಾ?”

ಆ ಮಾತು ಹಂಪಣ್ಣನಿಗೆ ನಿದ್ದೆ ಕೊಡಲಿಲ್ಲ. ಬುಧವಾರ ಬೆಳಗ್ಗೆ, ಅರವಟ್ಟಿಗೆಯ ಬಳಿ ಕುಳಿತಿದ್ದ ಗುರುಗಳ ಮುಂದೆ ನಿಂತ.

“ಗುರುಗಳೇ, ಈ ಅರವಟ್ಟಿಗೆಗೆ ನಾನು ಸೇರಿದವನೇ?”

“ಯಾಕೆ ಈ ಅನುಮಾನ?”

“ಕಲ್ಲಿನಾಥ ಮಾಡುವಷ್ಟು ನಾನು ಮಾಡುತ್ತಿಲ್ಲ.”

“ನನ್ನನ್ನು ಯಾಕೆ ಕೇಳುತ್ತೀಯ? ನನಗೆ ಬಾಯಾರಿಲ್ಲ.”

ಹಂಪಣ್ಣ ಕೊಡ ಎತ್ತಿಕೊಂಡು ಹೊರಟ. ಆದರೆ ಹರವಿಗಳು ತುಂಬಿದ್ದವು. ಕಲ್ಲಿನಾಥನ ನೀರು.

ಸ್ವಲ್ಪ ಹೊತ್ತು ನೋಡುತ್ತ ನಿಂತ. ಆಮೇಲೆ ಒಂದೊಂದೇ ಹರವಿಯನ್ನು ಮರದ ಬುಡಕ್ಕೆ ಬಗ್ಗಿಸಿದ.

ಬಿಸಿಲೇರುವವರೆಗೂ ಹೊತ್ತ. ಹೆಗಲು ತರಚಿತು. ಕೊನೆಯ ಹರವಿ ತುಂಬುವಾಗ ಸೂರ್ಯ ನೆತ್ತಿಯ ಮೇಲಿದ್ದ.

ಸೌದೆ ಹೊರೆ ಹೊತ್ತ ಒಬ್ಬ ಮುದುಕಿ ಬಂದಳು. ಹೊರೆ ಇಳಿಸಿ ಬೊಗಸೆ ಒಡ್ಡಿದಳು. ಒಂದು ಗುಟುಕು ಕುಡಿದು ನಿಲ್ಲಿಸಿದಳು. ಹಂಪಣ್ಣನ ಹೆಗಲ ಮೇಲೆ ಅವಳ ಕಣ್ಣು ಹೋಯಿತು.

“ನೀನೇ ಹೊತ್ತೇನೋ ತಮ್ಮಾ?”

“ನಾನೇ ಅಜ್ಜಿ. ಎಲ್ಲಾ ನಾನೇ. ಹೇಗಿದೆ ನೀರು?”

“ತಣ್ಣಗೈತಿ. ಬಾಳ ತಣ್ಣಗೈತಿ.”

ಉಳಿದ ನೀರನ್ನೂ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಹೊರೆ ಎತ್ತಿಸಿಕೊಂಡು ಹೋದಳು.

ಹಂಪಣ್ಣ ಗುರುಗಳತ್ತ ತಿರುಗಿದ. “ಬಾಯಾರಿದವರೇ ಹೇಳಿದರು. ಕೇಳಿಸಿತೇ ಗುರುಗಳೇ?”

“ಕೇಳಿಸಿತು. ನೀನು ಕುಡಿದೆಯಾ?”

“ಇಲ್ಲ.”

ಗುರುಗಳು ಎದ್ದು ಬಂದು ಅದೇ ಹರವಿಯಿಂದ ಅವನ ಬೊಗಸೆಗೆ ಸುರಿದರು.

ನೀರು ಬೆಚ್ಚಗಿತ್ತು. ಹಲ್ಲಿಗೆ ಮರಳು ಸಿಕ್ಕಿತು.

ಹಂಪಣ್ಣ ಮರಳನ್ನು ಉಗುಳಿದ. ಆಮೇಲೆ ಮೆಲ್ಲಗೆ, “ಅಜ್ಜಿ ತಣ್ಣಗಿದೆ ಅಂದರಲ್ಲ?” ಎಂದ.

“ಇಲ್ಲಿ ಇದುವರೆಗೆ ನೀರಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ಇವತ್ತು ಆಕೆ ಕೊಟ್ಟು ಹೋದಳು.”

“ಏನು ಕೊಟ್ಟರು?”

ಗುರುಗಳು ಅವನ ತರಚಿದ ಹೆಗಲಿಗೆ ಒದ್ದೆ ಬಟ್ಟೆ ಹಾಕಿದರು.

“ಈ ಹೆಗಲನ್ನು ಕಂಡು, ಒಂದು ಸುಳ್ಳು.”