ಸುಳ್ಳಯ್ಯನ ಗುಡ್ಡ

ಇಳಕಲ್ಲಿನಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹೊರಳಿದರೆ ಜೋಗಿಕಲ್ಲು ಎಂಬ ಊರು ಸಿಗುತ್ತದೆ. ಅದರ ಸುತ್ತ ಹಿಂದೆ ಗುಡ್ಡಗಳ ಸಾಲೇ ಇತ್ತು ಎನ್ನುವುದಕ್ಕೆ ಈಗ ಗುಂಡಿಗಳೇ ಸಾಕ್ಷಿ. ಕೆಂಪು ಗ್ರಾನೈಟಿನ ಆಸೆಗೆ ಒಂದೊಂದನ್ನೇ ಕೊಯ್ದು ಲಾರಿಗೆ ಹೇರಿ ಸಾಗಿಸಿಬಿಟ್ಟಿದ್ದಾರೆ. ನಡುವೆ ಒಂದು ಗುಡ್ಡ ಮಾತ್ರ ಇಡಿಯಾಗಿ ಉಳಿದಿದೆ. ಅದರ ನೆತ್ತಿಯಲ್ಲಿ ಮೂರು ದೊಡ್ಡ ಬಂಡೆಗಳ ನಡುವೆ ಒಂದು ಮಣ್ಣಿನ ದಿಬ್ಬವಿದೆ. ಆ ದಿಬ್ಬದ ಮಣ್ಣು ಒಂದೇ ಬಣ್ಣದ್ದಲ್ಲ. ಎರೆಯ ಕಪ್ಪು, ಜಂಬಿಟ್ಟಿಗೆಯ ಕೆಂಪು, ಕಡಲ ದಂಡೆಯ ಮರಳು ಎಲ್ಲ ಪದರು ಪದರಾಗಿ ಕೂತಿವೆ. ಅದರ ಓರೆಗೆ, ಈ ಸೀಮೆಯಲ್ಲಿ ಯಾರೂ ನೆಡದ ಒಂದು ಗೇರುಗಿಡ ಕುಳ್ಳಗೆ ಬೆಳೆದು ನಿಂತಿದೆ. ಜನ ಇದನ್ನು ಸುಳ್ಳಯ್ಯನ ಗುಡ್ಡ ಎನ್ನುತ್ತಾರೆ. ಇಂಥ ಹೆಸರು ಯಾಕೆ ಬಂತೆಂದು ಹೊರಗಿನವರು ಮುಖ ಸಿಂಡರಿಸುವುದುಂಟು. ಒಬ್ಬ ವಿದ್ವಾಂಸರಂತೂ ಇಲ್ಲಿ ಶೂಲಯ್ಯನೆಂಬ ಯತಿ ತಪಸ್ಸು ಮಾಡಿದ್ದನೆಂದು ಲೇಖನವನ್ನೇ ಬರೆದರು. ಇಲ್ಲಿ ಯತಿಯೂ ಇರಲಿಲ್ಲ, ಶೂಲವೂ ಇರಲಿಲ್ಲ.

ನಾನು ಪಕ್ಕದ ಊರಿನವನು, ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಜಾಯಮಾನ ನನ್ನದಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಈ ಕಥೆಯನ್ನು ಜೋಗಿಕಲ್ಲಿನವರ ಬಾಯಲ್ಲಿ ಕೇಳಿದ್ದೇನೆ, ದೂರದಿಂದ ಬರುವ ಸುಳ್ಳಯ್ಯನ ಓದುಗರ ಬಾಯಲ್ಲೂ ಕೇಳಿದ್ದೇನೆ. ಊರಿನವರು ತಮ್ಮ ತಪ್ಪನ್ನು ಸಣ್ಣದು ಮಾಡಿ ಹೇಳುತ್ತಾರೆ, ಓದುಗರು ತಮ್ಮ ದುಃಖವನ್ನು ದೊಡ್ಡದು ಮಾಡಿ ಹೇಳುತ್ತಾರೆ. ಆತ ತೀರಿಕೊಂಡ ಹೊತ್ತಿಗೆ ಆಕಾಶದಿಂದ ನಕ್ಷತ್ರವೊಂದು ಉದುರಿತಂತೆ. ನಮ್ಮ ಸೀಮೆಯಲ್ಲಿ ನಕ್ಷತ್ರ ದಿನಾ ಉದುರುತ್ತದೆ. ಅದಕ್ಕಾಗಿ ಯಾರೂ ಸಾಯಬೇಕಾಗಿಲ್ಲ. ಇಬ್ಬರ ಮಾತನ್ನೂ ಜರಡಿ ಹಿಡಿದ ಮೇಲೆ ನನ್ನ ಬಳಿ ಉಳಿದದ್ದು ಇಷ್ಟು.

ಹಿಂದೆ ಒಮ್ಮೆ, ಈ ಊರಿಗೆ ಕರೆಂಟು ಬಂದಿರದ ಕಾಲದಲ್ಲಿ, ಕೊಟ್ರಯ್ಯ ಎಂಬ ನಡುವಯಸ್ಸಿನ ಮನುಷ್ಯ ಒಂದು ಟ್ರಂಕು ಹಿಡಿದು ಬಸ್ಸಿಳಿದ. ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದ ಫಕೀರವ್ವ ಎಂಬ ವಿಧವೆಯ ಮನೆಯ ಹೊರಗಿನ ಕೋಣೆ ಹಿಡಿದ. ಹೊಲವಿಲ್ಲ, ನೆಂಟರಿಲ್ಲ, ಅಂಗಡಿಯಿಲ್ಲ. ಹಗಲೆಲ್ಲ ಕೋಣೆಯಲ್ಲಿ ಕೂತು ಬರೆಯುತ್ತಿದ್ದ, ಹೊತ್ತು ಇಳಿದ ಮೇಲೆ ಕೊರಳಿಗೆ ಹಿತ್ತಾಳೆಯ ದುರ್ಬೀನು ಹಾಕಿಕೊಂಡು ಗುಡ್ಡ ಹತ್ತುತ್ತಿದ್ದ. ಆಗಾಗ ಅಂಚೆಯಲ್ಲಿ ದಪ್ಪ ಲಕೋಟೆ ಕಳಿಸುತ್ತಿದ್ದ. ನಮ್ಮ ಕಡೆ ಗುಡ್ಡವೆಂದರೆ ನಿಧಿ ಎಂದೇ ಜನರ ಲೆಕ್ಕ. ಯಾವ ರಾಜ ಯಾವ ಕಲ್ಲಿನ ಬುಡದಲ್ಲಿ ಏನು ಹೂತಿಟ್ಟು ಓಡಿದನೋ ಎಂಬ ಮಾತು ಪ್ರತಿ ಮನೆಯ ಜಗುಲಿಯಲ್ಲೂ ಇರುತ್ತದೆ. ಹೀಗಿರುವಾಗ ಪರಸ್ಥಳದವನೊಬ್ಬ ದಿನವೂ ಗುಡ್ಡದ ಕಲ್ಲುಗಳನ್ನು ನೋಡಿ ಬಂದು ಅದನ್ನು ಬರೆದು ಯಾರಿಗೋ ಕಳಿಸುತ್ತಾನೆಂದರೆ ಊರು ಏನೆಂದುಕೊಳ್ಳಬೇಕು?

ಊರಿನ ಗೌಡರಾದ ಅಮರೇಗೌಡರು ಒಂದು ದಿನ ಹನುಮಪ್ಪನ ಗುಡಿಯ ಕಟ್ಟೆಯ ಬಳಿ ಅವನನ್ನು ತಡೆದು ನಿಲ್ಲಿಸಿದರು.

"ಅಯ್ನಾರ, ಅದೇನ್ ಬರೀತೀರಿ ದಿನಾ?"

"ಸುಳ್ಳು ಬರೀತೀನ್ರಿ ಗೌಡ್ರ."

"ಗುಡ್ಡದ ಮ್ಯಾಲೆ ಏನ್ ನೋಡ್ತೀರಿ?"

"ಆಕಾಶದಾಗಿನ ಚಿಕ್ಕಿ ಮ್ಯಾಲಿನ ಮಂದಿ ಬಂದ್ರ ಯಾವ ಕಲ್ಲಿನ ಮ್ಯಾಲೆ ಇಳೀಬಹುದು ಅಂತ ನೋಡ್ತೀನ್ರಿ."

ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಆತ ಸುಳ್ಳಯ್ಯನಾದ. ಎದುರಿಗೇ ಹಾಗೆ ಕರೆದರೂ ಓಗೊಡುತ್ತಿದ್ದನಂತೆ. ನಗದಿದ್ದವರು ಅಮರೇಗೌಡರೊಬ್ಬರೇ. ತಾನು ಸುಳ್ಳ ಎಂದು ತಾನೇ ಒಪ್ಪಿಕೊಳ್ಳುವವನ ಹೊಟ್ಟೆಯಲ್ಲಿ ಏನೋ ದೊಡ್ಡ ನಿಜ ಇರಲೇಬೇಕು ಎಂಬುದು ಅವರ ತರ್ಕ. ಅದು ತಪ್ಪು ತರ್ಕವೆಂದು ನಾನೂ ಹೇಳಲಾರೆ.

ಆತ ನಿಜಕ್ಕೂ ಬರೆಯುತ್ತಿದ್ದದ್ದು ಕಾದಂಬರಿಗಳನ್ನು. ಬೇರೆ ಬೇರೆ ಲೋಕಗಳಿಗೆ ಹಾರುವ ಹಡಗುಗಳು, ಎರಡು ಸೂರ್ಯರಿರುವ ಊರುಗಳು, ನೂರಾರು ವರ್ಷ ಮುಂದಿನ ಕನ್ನಡದ ಮಂದಿ ಅವನ ಕಥೆಗಳಲ್ಲಿದ್ದರು. ಮಾಸಪತ್ರಿಕೆಯೊಂದು ಅವನ್ನು ಧಾರಾವಾಹಿಯಾಗಿ ಅಚ್ಚು ಮಾಡುತ್ತಿತ್ತು, ದೂರದ ಊರುಗಳಲ್ಲಿ ಓದುಗರು ಸಂಚಿಕೆಗಾಗಿ ಅಂಗಡಿಯ ಮುಂದೆ ಕಾಯುತ್ತಿದ್ದರು. ಅವುಗಳಲ್ಲಿ 'ಮಣ್ಣು ಕಟ್ಟಿಕೊಂಡವರು' ಎಂಬುದನ್ನು ಅವರು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದರು. ಭೂಮಿ ಬಿಟ್ಟು ಹೊರಡುವ ಜನ ಅದರಲ್ಲಿ ತಂತಮ್ಮ ಊರಿನ ಒಂದು ಹಿಡಿ ಮಣ್ಣನ್ನು ಗಂಟು ಕಟ್ಟಿಕೊಂಡು ಹಡಗು ಹತ್ತುತ್ತಾರೆ. ದಾರಿಯಲ್ಲಿ ಯಾರಾದರೂ ತೀರಿಕೊಂಡರೆ ಹೂಳಲು ನೆಲವೆಲ್ಲಿದೆ? ಆಗ ಒಬ್ಬೊಬ್ಬರೂ ತಮ್ಮ ಗಂಟಿನಿಂದ ಒಂದಿಷ್ಟು ಮಣ್ಣನ್ನು ಸತ್ತವರ ಎದೆಯ ಮೇಲೆ ಹಾಕುತ್ತಾರೆ. ಅವನ ಪ್ರತಿ ಕಾದಂಬರಿಯಲ್ಲೂ ಹಡಗು ಇಳಿಯುವುದು, ಏಳುವುದು ಒಂದೇ ಗುಡ್ಡದ ಮೇಲೆ. ಆ ಗುಡ್ಡದ ಬನ್ನಿಮರದ ತಿರುವು, ಎತ್ತಿನ ಗೊರಸಿನ ಹಾಗೆ ಸೀಳಿದ ಬಂಡೆ, ಬೇಸಿಗೆಗೆ ಬತ್ತುವ ದೊಣೆ ಎಲ್ಲವೂ ಓದುಗರಿಗೆ ಬಾಯಿಪಾಠವಾಗಿದ್ದವು. ಅದು ಜೋಗಿಕಲ್ಲಿನ ಗುಡ್ಡವೆಂದು ಜೋಗಿಕಲ್ಲಿಗೇ ತಿಳಿದಿರಲಿಲ್ಲ.

ಒಂದು ಚಳಿಗಾಲದಲ್ಲಿ ಕೊಟ್ರಯ್ಯ ಕೆಮ್ಮಿಗೆ ಬಿದ್ದ. ಫಕೀರವ್ವ ಗಂಜಿ ಕುಡಿಸಿದಳು, ಕಷಾಯ ಕುಡಿಸಿದಳು, ಗಾಡಿ ಕಟ್ಟಿಸಿ ದವಾಖಾನೆಗೂ ಒಯ್ದು ತಂದಳು. ಕೊನೆಗೆ ಆತ ಅವಳ ಕೈ ಹಿಡಿದು, "ಅಕ್ಕಾ, ನನ್ನ ಗುಡ್ಡದ ಮ್ಯಾಲೆ ಇಡು. ಆಮ್ಯಾಲೆ ಯಾರೂ ಕೆದರದಂಗ ನೋಡ್ಕೋ," ಎಂದ. ಆಕೆ ಆಗಲಿ ಎಂದಳು. ನಮ್ಮ ಸೀಮೆಯಲ್ಲಿ ಸಾವಿಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಬಂದ ಪ್ರತಿಯೊಬ್ಬರೂ ಕುಣಿಗೆ ಒಂದು ಹಿಡಿ ಮಣ್ಣು ಹಾಕಿಯೇ ಹಿಂದಿರುಗಬೇಕು. ಹಗೆಯ ಮನೆಯ ಸಾವಾದರೂ ಅದನ್ನು ತಪ್ಪಿಸುವಂತಿಲ್ಲ. ಆದರೆ ಸುಳ್ಳಯ್ಯನ ಮಣ್ಣಿಗೆ ಹೋದವರನ್ನು ನಿಧಿಯ ಪಾಲುದಾರರೆಂದು ತಿಳಿಯಬೇಕಾದೀತು ಎಂದು ಗೌಡರು ಅಂದುಬಿಟ್ಟಿದ್ದರು. ಹೊತ್ತು ತಂದ ನಾಲ್ವರು ಕೂಲಿಯವರು ಮತ್ತು ಫಕೀರವ್ವನ ಹೊರತು ಅಂದು ಗುಡ್ಡ ಹತ್ತಿದವರಿಲ್ಲ. ಆಕೆ ಅವನ ದುರ್ಬೀನನ್ನೂ ಅವನ ಜೊತೆಗೇ ಇಟ್ಟಳು. ಹಿತ್ತಾಳೆ ಬಿಸಿಲಿಗೆ ಹೊಳೆದದ್ದನ್ನು ಹೊತ್ತವರು ಕಂಡರು; ಊರಿಗೆ ಇಳಿದು ಬರುವಷ್ಟರಲ್ಲಿ ಅದು ಬಂಗಾರವಾಗಿತ್ತು.

ಕೊಟ್ರಯ್ಯ ಜೋಗಿಕಲ್ಲಿನಲ್ಲಿ ತೀರಿಕೊಂಡು ಅಲ್ಲಿಯ ಗುಡ್ಡದ ಮೇಲೆ ಮಣ್ಣಾದನೆಂದು ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದದ್ದು ಬಹಳ ತಡವಾಗಿ. ಧಾರಾವಾಹಿ ನಿಂತಿತೇಕೆ ಎಂದು ಕಾಗದ ಬರೆದು ಬರೆದು ಸೋತಿದ್ದ ಓದುಗರು ಅದನ್ನು ಓದಿ ಅತ್ತರು. ಒಬ್ಬರನ್ನೊಬ್ಬರು ಹುಡುಕಿಕೊಂಡರು. ಅಂಕೋಲೆಯ ಗಣಿತದ ಮಾಸ್ತರರಾದ ಬೊಮ್ಮಯ್ಯ ನಾಯಕರು ಮುಂದಾಗಿ, ವರ್ಷ ತುಂಬುವ ದಿನ ಎಲ್ಲರೂ ತಮ್ಮ ಊರಿನ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಬರುವುದೆಂದು ಗೊತ್ತುಮಾಡಿದರು. ಅಂತೆಯೇ ಒಂದು ಮಧ್ಯಾಹ್ನ ಬಸ್ಸಿನಿಂದ ಹತ್ತಿಪ್ಪತ್ತು ಜನ ಅಪರಿಚಿತರು ಇಳಿದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಬಟ್ಟೆಯ ಗಂಟು, ಮಾಸ್ತರರ ಕೈಯಲ್ಲಿ ಒಂದು ಸಣ್ಣ ಸಲಿಕೆ.

ಇಲ್ಲಿ ಅವರೊಂದು ತಪ್ಪು ಮಾಡಿದರು. ಅಂಥ ತಪ್ಪನ್ನು ಪುಸ್ತಕ ಓದಿ ಓದಿ ಮೈಮರೆತವರೇ ಮಾಡಬಲ್ಲರು. ಕಟ್ಟೆಯ ಮೇಲೆ ಊರ ಹಿರಿಯರು ಕೂತಿದ್ದರೂ ಅವರಲ್ಲಿ ಒಬ್ಬರೂ ದಾರಿ ಕೇಳಲಿಲ್ಲ. ಗುಡಿಯ ಹಿಂದಿನಿಂದ ಸುತ್ತಿ, ಬನ್ನಿಮರದ ಬಳಿ ಎಡಕ್ಕೆ ಹೊರಳಿ, ಕುರಿ ಕಾಯುವವರಿಗಷ್ಟೇ ಗೊತ್ತಿದ್ದ ಕಾಲುದಾರಿ ಹಿಡಿದು, ಹುಟ್ಟಿದೂರಿನಲ್ಲಿ ನಡೆಯುವವರಂತೆ ಸರಸರನೆ ಗುಡ್ಡ ಹತ್ತಿದರು. ಗೊರಸಿನ ಬಂಡೆ ಕಂಡಾಗ ಒಬ್ಬಾಕೆ ಅದನ್ನು ತಬ್ಬಿಕೊಂಡು ಅತ್ತಳಂತೆ. ಆಡು ಮೇಯಿಸುತ್ತಿದ್ದವನೊಬ್ಬ ಅದನ್ನು ಕಂಡು ಊರಿಗೆ ಓಡಿದ. ಮುಂದಿನದ್ದು ಹೇಳಬೇಕಾಗಿಲ್ಲ, ಅಮರೇಗೌಡರು ಬಡಿಗೆ ಹಿಡಿದ ಊರನ್ನೇ ಬೆನ್ನಿಗೆ ಕಟ್ಟಿಕೊಂಡು ಮೇಲೇರಿದರು.

ಗಂಟು ಬಿಚ್ಚಿಸಿ ನೋಡಿದರೆ ಬರೀ ಮಣ್ಣು. ಅನುಮಾನ ಅದರಿಂದ ಇಳಿಯಲಿಲ್ಲ, ಏರಿತು. ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಬರುವವರು ಮಾಟದವರಲ್ಲದೆ ಮತ್ಯಾರು?

"ದಾರಿ ತೋರಿಸಿದವ್ರು ಯಾರು ನಿಮಗ?" ಗೌಡರು ಕೇಳಿದರು.

"ಯಾರೂ ತೋರಿಸ್ಲಿಲ್ಲ," ಎಂದರು ಮಾಸ್ತರರು. "ನಮಗೆಲ್ಲ ಮೊದಲೇ ಗೊತ್ತಿತ್ತು. ಅವರೇ ಬರೆದಿಟ್ಟಿದ್ದಾರಲ್ಲ."

ಇದಕ್ಕಿಂತ ಕೆಟ್ಟ ಉತ್ತರವನ್ನು ಯಾವ ಕಳ್ಳನೂ ಕೊಟ್ಟಿರಲಾರ. ಸುಳ್ಳಯ್ಯ ಬರೆದು ಕಳಿಸುತ್ತಿದ್ದದ್ದು ನಿಧಿಯ ನಕ್ಷೆಯೇ ಎಂದು ಊರಿಗೆಲ್ಲ ಖಾತ್ರಿಯಾಯಿತು. "ಕುಣಿ ತೆಗೀರಿ," ಎಂದರು ಗೌಡರು. "ಅದರಾಗ ಏನೈತಿ ಅಂತ ಇವತ್ತ ನೋಡೇಬಿಡೋಣ." ಮಾಸ್ತರರ ಸಲಿಕೆಯನ್ನೇ ಕಿತ್ತುಕೊಂಡು ಒಬ್ಬ ಮುಂದೆ ಬಂದ. ಬಂದವರು ಅಳುತ್ತ ಅಡ್ಡ ನಿಂತರು, ಬಡಿಗೆಗಳು ಮೇಲೆದ್ದವು.

ಅಷ್ಟರಲ್ಲಿ ಫಕೀರವ್ವ ಏದುಸಿರು ಬಿಡುತ್ತ ಮೇಲೆ ಬಂದಳು. ಕೈಗೆ ಮೆತ್ತಿದ ರೊಟ್ಟಿಯ ಹಿಟ್ಟು ಇನ್ನೂ ಹಾಗೇ ಇತ್ತು ಎನ್ನುತ್ತಾರೆ. ಊರಿನ ಮಾತನ್ನು ಮೀರಿ ಅವಳು ಬದುಕುವಂತಿರಲಿಲ್ಲ, ಅವಳ ರೊಟ್ಟಿ ಕೊಳ್ಳುವವರೇ ಬಡಿಗೆ ಹಿಡಿದು ಎದುರಿಗಿದ್ದರು. ಸತ್ತವನಿಗೆ ಕೊಟ್ಟ ಮಾತೊಂದು ಇನ್ನೊಂದು ಕಡೆಗಿತ್ತು. ಆಕೆ ಬಿಚ್ಚಿದ ಗಂಟುಗಳನ್ನು ನೋಡಿದಳು. ಇದೇನೆಂದು ಮಾಸ್ತರರನ್ನು ಕೇಳಿದಳು. ಅವರು ಅದು ಕಡಲ ದಂಡೆಯ ತಮ್ಮೂರ ಮಣ್ಣೆಂದರು, ಕೊಟ್ರಯ್ಯನವರ ಮೇಲೆ ಹಾಕಲು ತಂದದ್ದೆಂದರು. ಆಕೆ ಹೋಗಿ ಕುಣಿಯ ಮೇಲೆ ನಿಂತು ಗೌಡರ ಕಡೆ ತಿರುಗಿದಳು.

"ಗೌಡ್ರ, ಇವ್ರು ಒಯ್ಯಾಕ ಬಂದಿಲ್ರಿ. ಮಣ್ಣಿಗೆ ಬಂದಾರ. ನನ್ನ ತಮ್ಮ ಸತ್ತ ದಿನ ಈ ಊರಾಗ ಒಬ್ರೂ ಮಣ್ಣಿಗೆ ಬರಲಿಲ್ಲ. ಸಮುದ್ರದ ದಂಡಿಯಿಂದ ಇವ್ರು ಬಂದಾರ, ತಮ್ಮ ಮಣ್ಣು ತಾವ ಕಟಗೊಂಡು. ಅಗೀತೀನಂದ್ರ ಅಗೀರಿ, ಆದ್ರ ಮೊದಲ ನನ್ನ ಕಾಲ ಮ್ಯಾಲೆ ಸಲಿಕಿ ಹಾಕ್ರಿ. ಮಣ್ಣಿಗೆ ಬಂದವ್ರ ಮುಂದ ಕುಣಿ ತೆಗದ ಊರು ಅಂತ ನಾಳೆ ನಮ್ಮನ್ನ ಯಾರ ಮಣ್ಣಿಗೆ ಕರೀತಾರ?"

ಅವಳ ಮಾತು ಊರಿಗೆ ನಾಟಿತು. ಕಾದಂಬರಿ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಮಣ್ಣಿಗೆ ಬರುವುದೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಸಲಿಕೆ ಹಿಡಿದವನು ಅದನ್ನು ಕೆಳಗಿಟ್ಟ. ಬಂದವರು ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಎಲ್ಲರದೂ ಮುಗಿದ ಮೇಲೆ ಅಮರೇಗೌಡರು ರುಮಾಲು ತೆಗೆದು, ಬಗ್ಗಿ, ಕಾಲ ಬುಡದ ಒಂದು ಹಿಡಿ ಮಣ್ಣೆತ್ತಿ ಹಾಕಿದರು. ಅವರ ಹಿಂದೆ ಊರು ಹಾಕಿತು. ಹಾಗೆಂದು ಅವರ ಅನುಮಾನ ಸತ್ತಿತೆಂದು ತಿಳಿಯಬೇಡಿ. ಇಳಿಯುವಾಗ ಮಾಸ್ತರರಿಗೆ, "ಮುಂದ ಬಂದ್ರ ಕಟ್ಟಿ ಹತ್ರ ನಿಂತು ದಾರಿ ಕೇಳ್ರಿ. ಗಂಟು ಬಿಚ್ಚಿ ತೋರಸ್ರಿ," ಎಂದು ಗಟ್ಟಿಯಾಗಿಯೇ ಹೇಳಿದರು.

ಓದುಗರಿಗೆ ಸುಳ್ಳಯ್ಯನೆಂಬ ಹೆಸರು ಹಿಡಿಸಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ನಕ್ಷತ್ರಗಿರಿ ಎಂದು ಕೆತ್ತಿಸಿದ ಕಲ್ಲೊಂದನ್ನು ತಂದರು. ಫಕೀರವ್ವ ಒಪ್ಪಲಿಲ್ಲ. "ಅಂವ ನಕ್ಕೋತ ಇಟಗೊಂಡ ಹೆಸರದು. ಅದನ್ನರ ಅವಂಗ ಬಿಡ್ರಿ," ಎಂದಳಂತೆ. ಆ ಕಲ್ಲು ಈಗ ಅವಳ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. ನಾನೇ ಕಂಡಿದ್ದೇನೆ, ಆದ್ದರಿಂದ ಇದೊಂದನ್ನು ನಂಬಬಹುದು.

ಫಕೀರವ್ವ ಹೋದಳು, ಗೌಡರೂ ಹೋದರು. ಆಮೇಲೆ ಗ್ರಾನೈಟಿನ ಕಾಲ ಬಂತು. ಸುತ್ತಲಿನ ಗುಡ್ಡಗಳನ್ನು ಮುಗಿಸಿದ ಗುತ್ತಿಗೆದಾರನೊಬ್ಬ ಕಾಗದಪತ್ರ ಹಿಡಿದು, ಕಟ್ಟೆಯ ಬಳಿ ಕಾರು ನಿಲ್ಲಿಸದೆ, ನೇರ ಈ ಗುಡ್ಡದ ಬುಡಕ್ಕೆ ಹೋದ. ದಾರಿ ಕೇಳದೆ ಹೋದನೆಂಬ ಒಂದೇ ಮಾತಿಗೆ ಊರು ಎದ್ದು ಅವನ ಯಂತ್ರಗಳ ಮುಂದೆ ಕೂತಿತು. ಒಳಗಿನ ಬಂಗಾರ ಅವನ ಪಾಲಾದೀತೆಂಬ ಭಯಕ್ಕೆ ಹಾಗೆ ಮಾಡಿದರೆಂದು ಕೆಲವರು ಹೇಳುತ್ತಾರೆ. ಇರಬಹುದು. ನನಗೂ ಜೋಗಿಕಲ್ಲಿನವರ ಮೇಲೆ ಪೂರ್ತಿ ಭರವಸೆಯಿಲ್ಲ. ಆದರೆ ಗುತ್ತಿಗೆದಾರನಿಗೆ ಅವರು ಕೊಟ್ಟ ಉತ್ತರ ಬೇರೆಯೇ ಇತ್ತು: ಅಲ್ಲಿ ಒಂದು ಮಣ್ಣು ಇನ್ನೂ ನಡೆಯುತ್ತಿದೆ, ಅದು ಮುಗಿಯುವ ತನಕ ಅಗೆಯಲು ಬರುವುದಿಲ್ಲ.

ಇಂದು ಹೋದರೂ ನೀವು ಅದನ್ನು ನೋಡಬಹುದು. ಕಟ್ಟೆಯ ಮೇಲೆ ಅಮರೇಗೌಡರ ಮೊಮ್ಮಗ ಕೂತಿರುತ್ತಾನೆ. ಮೇಲೆ ಹೋಗುವ ದಾರಿ ಕಣ್ಣೆದುರಿಗೇ ಇದ್ದರೂ, ವರ್ಷ ವರ್ಷ ಬರುವವರೂ ಕೂಡ ಚಪ್ಪಲಿ ಬಿಟ್ಟು ನಿಂತು ಗುಡ್ಡಕ್ಕೆ ದಾರಿ ಯಾವುದೆಂದು ಕೇಳುತ್ತಾರೆ. ಆತ ಗಂಟು ಬಿಚ್ಚಿಸುತ್ತಾನೆ, ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾನೆ, ಬಂದವರ ಮುಖವನ್ನು ಮೇಲಿಂದ ಕೆಳಗೆ ಅಳೆಯುತ್ತಾನೆ. ಹೋದ ವರ್ಷ ನಾನು ಅಲ್ಲಿದ್ದಾಗ ಒಬ್ಬ ಹುಡುಗಿ ಬಂದಿದ್ದಳು. ಕೊಟ್ರಯ್ಯ ಸತ್ತಾಗ ಅವಳ ತಾಯಿಯೂ ಹುಟ್ಟಿರಲಿಲ್ಲ. ಬಹಳ ತಡವಾಗಿ ಬಂದೆನೇನೋ ಎಂದು ಅವಳು ಸಂಕೋಚಪಟ್ಟಳು.

"ಇಲ್ಲ ಬಿಡವಾ," ಎಂದು ಆತ ಗಂಟು ಕಟ್ಟಿ ಅವಳ ಕೈಗಿಟ್ಟ. "ಮಂದಿ ಇನ್ನೂ ಬರಾಕ ಹತ್ಯಾರ. ಹೋಗು, ಮಣ್ಣು ಹಾಕಿ ಬಾ."