ತೆಂಕಣದ ಚುಕ್ಕೆ ಬೆಳಗಿದ ಸಂಜೆ

ಕುರಿ ಕಾಯುವ ಹಾಲಪ್ಪ ಮತ್ತು ಅವನ ಹೆಂಡತಿ ಲಗಮವ್ವ ಮಂದೆ ಹೊಡೆದುಕೊಂಡು ಹೊಳೆಯ ದಂಡೆಗೆ ಬಂದರು. ಹುಲ್ಲು ಇದ್ದದ್ದು ಆಚೆ ದಂಡೆಯಲ್ಲಿ. ಈಚೆ ಬರೀ ಕಲ್ಲು.

ಹೊಳೆ ತೆಂಕಣದ ಗುಡ್ಡದಿಂದ ಬರುತ್ತಿತ್ತು. ನೀರು ಮೊಣಕಾಲುದ್ದ. ಆದರೆ ಮಳೆಗಾಲ ಹತ್ತಿರ. ಗುಡ್ಡದಲ್ಲಿ ಸಂಜೆ ಸುರಿದ ಮಳೆ ಬೆಳಗಾಗುವ ಹೊತ್ತಿಗೆ ಇಲ್ಲಿ ನೆರೆಯಾಗಿ ಬರುತ್ತದೆ. ಅದಕ್ಕೆ ಕುರಿಯವರಲ್ಲಿ ಒಂದು ರೂಢಿ. ಸಂಜೆ ತೆಂಕಣದ ಅಂಚಿನಲ್ಲಿ ಒಂದು ಚುಕ್ಕೆ ನೋಡುತ್ತಾರೆ. ಚೊಕ್ಕ ಕಂಡರೆ ಗುಡ್ಡದ ಮೇಲೆ ಮೋಡವಿಲ್ಲ, ದಾಟಬಹುದು. ಮಂಕಾದರೆ ನಿಲ್ಲಬೇಕು.

ಆ ಸಂಜೆ ಚುಕ್ಕೆ ಎಂದೂ ಇಲ್ಲದಷ್ಟು ಬೆಳಗಿತು. ಬೆಳಿಗ್ಗೆ ದಾಟೋಣ ಅಂದ ಹಾಲಪ್ಪ.

ಲಗಮವ್ವ ಬಹಳ ಹೊತ್ತು ನೋಡಿದಳು.

"ಅದೊಂದ ಕಾಣತೈತ್ರಿ. ಮಗ್ಗಲದ ಸಣ್ಣ ಚುಕ್ಕಿ ಒಂದೂ ಇಲ್ಲ. ನಾಳಿಗೊಂದಿನ ತಡೀರಿ."

"ನಿನ್ನ ಕಣ್ಣ ಮಂಜಾಗ್ಯಾವು. ದೊಡ್ಡದ ಹೇಳಿದ ಮ್ಯಾಲ ಸಣ್ಣವ್ನ ಏನ ಕೇಳತಿ?"

ಹಸಿದ ಕುರಿ ರಾತ್ರಿಯೆಲ್ಲ ಒದರಿದವು.

ಬೆಳಿಗ್ಗೆ ಹಾಲಪ್ಪ ಮುಂದೆ ಇಳಿದ. ಮಂದೆ ಅವನ ಹಿಂದೆ. ಎಳೆ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ಹೆಂಡತಿ ಎಲ್ಲರಿಗಿಂತ ಕೊನೆಗೆ ಬರುವುದು ವಾಡಿಕೆ. ಮಂದೆ ದಂಡೆ ಹತ್ತಿತು. ಅವಳು ಇನ್ನೂ ನಡುಹೊಳೆಯಲ್ಲಿದ್ದಳು. ಮೇಲಿನಿಂದ ಸಪ್ಪಳ ಬಂತು. ಹಿಂದೆಯೇ ಕೆಂಪು ನೀರು ಬಂತು. ಬುಟ್ಟಿ ಬಿಡು ಅಂತ ಅವನು ಕೂಗಿದ. ಅವಳು ಬಿಡಲಿಲ್ಲ.

ಬುಟ್ಟಿ ಸಿಕ್ಕಿತು. ಅವಳು ಸಿಗಲಿಲ್ಲ.

ಆಚೆ ದಂಡೆಯಲ್ಲಿ ಇನ್ನೊಂದು ಮಂದೆಯ ಯಮನಜ್ಜ ಇದ್ದ. ಚುಕ್ಕೆ ಸುಳ್ಳು ಹೇಳಿತು ಅಂತ ಹಾಲಪ್ಪ ಅವನ ಮುಂದೆ ಅತ್ತ.

"ಸುಳ್ಳ ಹೇಳಿಲ್ಲಪ್ಪ," ಅಂದ ಅಜ್ಜ. "ನಮ್ಮ ಮುತ್ಯಾನ ಕಾಲಕ್ಕೂ ಅದು ಹಿಂಗ ಉರಿದು ಮಂಕಾಗಿತ್ತಂತ. ಅದು ಅದರ ಸಂಕಟ. ನಿನ್ನ ಹೊಳಿ ಸುದ್ದಿ ಅದಕ್ಕೇನ ಗೊತ್ತು?"

ಬಹಳ ದೊಡ್ಡ, ಬಹಳ ಬಿಸಿಯ, ಮುಪ್ಪಾದ ಚುಕ್ಕೆಗಳು ಹಾಗೆಯೇ. ತಮ್ಮ ಮೈಯನ್ನು ತಾವೇ ಕಿತ್ತು ಉಗುಳುತ್ತವೆ. ಅದರಿಂದ ಬೆಳಕು ಏರುತ್ತದೆ, ಇಳಿಯುತ್ತದೆ. ಆ ಸಂಜೆ ಗುಡ್ಡದ ಮೇಲೆ ಮಳೆ ಮಬ್ಬು ಇತ್ತು. ಚುಕ್ಕೆ ಅದನ್ನೂ ತೂರಿ ಉರಿಯಿತು. ಬೆಳಕು ಏರದ, ಇಳಿಯದ ಸಣ್ಣ ಚುಕ್ಕೆಗಳು ಮಾತ್ರ ಮಬ್ಬಿನ ಹಿಂದೆ ಮರೆಯಾಗಿದ್ದವು.

"ಆಕಿ ಹೇಳಿದ್ದಳು," ಅಂದ ಹಾಲಪ್ಪ.



ಆ ದಂಡೆಯಲ್ಲಿ ಹುಲ್ಲು ಬೇಕಾದಷ್ಟಿತ್ತು. ಕುರಿ ಹೊಟ್ಟೆ ತುಂಬ ಮೇಯ್ದವು. ಮೂರು ಕಲ್ಲು ಇಟ್ಟು ಒಲೆ ಹೂಡುವವರು ಇರಲಿಲ್ಲ.

ನೀತಿ: ಒಂದೇ ಬೆಳಕು ನಂಬಿ ಹೊಳೆಗೆ ಇಳಿಯಬೇಡಿ. ಅದು ಹೆಚ್ಚು ಬೆಳಗಿದ ದಿನ ಅದರ ಮಗ್ಗುಲು ನೋಡಿ. ಜೊತೆಯವರು ತಡಿ ಅಂದರೆ ತಡೆಯಿರಿ. ಒಂದು ದಿನ ಹಸಿದರೆ ಕುರಿ ಸಾಯುವುದಿಲ್ಲ.