ಭಟ್ಟಿಯ ಬಾಗಿಲಿಗೆ ಹೋದ ಮೀಟರು

ಹೆಂಚಿನ ಕಾರ್ಖಾನೆಯೊಂದರಲ್ಲಿ ಅಚ್ಚುಯಂತ್ರದ ನೆತ್ತಿಯ ಮೇಲೆ ಎಣಿಕೆಯ ಮೀಟರನ್ನು ಕೂರಿಸಿದ್ದರು. ಒಂದು ಬೆಳಿಗ್ಗೆ ಮೀಟರು, "ನಿನ್ನೆ ನೀನು ಒಂಬೈನೂರು ಹೆಂಚು ಒತ್ತಿದ್ದೆ. ಇವತ್ತು ಯಾಕೆ ಇಷ್ಟು ನಿಧಾನ?" ಎಂದು ಯಂತ್ರವನ್ನು ಕೇಳಿತು.

"ಮಣ್ಣು ಹಸಿಯಾಗಿದೆ. ಅವಸರದಲ್ಲಿ ಒತ್ತಿದರೆ ಸುಡುವಾಗ ಬಿರುಕು ಬಿಡುತ್ತದೆ."

"ಅದು ಭಟ್ಟಿಯ ಪಾಡು. ಮ್ಯಾನೇಜರು ದಿನವೂ ಬಂದು ನೋಡುವುದು ನನ್ನ ಮುಖವನ್ನು."

ಯಂತ್ರ ಹೆದರಿ ವೇಗ ಹೆಚ್ಚಿಸಿತು. ಸಂಜೆಗೆ ಮೀಟರು ಸಾವಿರ ತೋರಿಸಿತು. ಮ್ಯಾನೇಜರ್ ವಾಮನ ಶೆಟ್ಟರು ಮೆಚ್ಚಿ ತಲೆಯಾಡಿಸಿದರು.

ಆ ಹೆಂಚುಗಳನ್ನು ಸುಟ್ಟು ಹೊರತೆಗೆದಾಗ ಆರುನೂರು ಬಿರುಕು ಬಿಟ್ಟಿದ್ದವು. ಶೆಟ್ಟರು ಯಾರನ್ನೂ ಬೈಯಲಿಲ್ಲ. ಮೀಟರನ್ನು ಕಳಚಿ, ಸುಟ್ಟ ಮೇಲೂ ಬಿರುಕು ಬಿಡದ ಹೆಂಚುಗಳನ್ನಷ್ಟೇ ಎಣಿಸುವಂತೆ ಭಟ್ಟಿಯ ಬಾಗಿಲಿಗೆ ಕೂರಿಸಿದರು.

ಮರುದಿನ ಮೀಟರು ಅಲ್ಲಿಂದಲೇ ಯಂತ್ರವನ್ನು ಕೂಗಿ ಕೇಳಿತು: "ಅಣ್ಣಾ, ಮಣ್ಣು ಹದಕ್ಕೆ ಬಂದಿದೆಯೇ? ಇಲ್ಲದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕಾಯೋಣ."